ನೀರು ಕುಡಿದು ಓಡುವ ಗಾಡಿಯಲ್ಲ, ಲೋಹ ತಿಂದು ಓಡುವ ಗಾಡಿ!

ನಾಲ್ಕೈದು ವರ್ಷಕ್ಕೊಮ್ಮೆಯಾದರೂ ಈ ಸುದ್ದಿ ಬಂದೇ ಬರುತ್ತೆ: "ನೀರಿನಿಂದ ಓಡುವ ಕಾರು ಕಂಡುಹಿಡಿದರು!" ಮೊದಲೆಲ್ಲ ಪೇಪರಿನ ಒಳಪುಟದಲ್ಲಿ ಬರುತ್ತಿತ್ತು. ಆಮೇಲೆ ಈಮೇಲ್ ಫಾರ್ವರ್ಡ್ ಆಯ್ತು. ಈಗ ವಾಟ್ಸಾಪ್ ವಿಡಿಯೋ. ಕೊನೆಯಲ್ಲಿ ಒಂದು ಸಾಲು ಮಾತ್ರ ಕಡ್ಡಾಯ. ಪೆಟ್ರೋಲ್ ಕಂಪನಿಯವರು ಇದನ್ನ ಮುಚ್ಚಿಹಾಕಿದ್ದಾರೆ, ಎಲ್ಲರಿಗೂ ಶೇರ್ ಮಾಡಿ!

ಇದನ್ನೆಲ್ಲ "ಬರೀ ಸುಳ್ಳು" ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ಸುಲಭ. ಆದರೆ ಕೆಲವು ಕತೆಗಳಲ್ಲಿ ಕಾರು ನಿಜವಾಗಿಯೂ ಓಡಿರುತ್ತೆ, ನೀರನ್ನ ನಿಜವಾಗಿಯೂ ಹಾಕಿರುತ್ತಾರೆ, ಜಲಜನಕವೂ ನಿಜವಾಗಿ ಹುಟ್ಟಿರುತ್ತೆ. ಹೇಳದೆ ಬಿಟ್ಟಿರೋದು ಒಂದೇ ಒಂದು ವಸ್ತುವಿನ ಹೆಸರು. ಅದು ಒಂದು ಲೋಹ. ಆ ಲೋಹಕ್ಕೆ ಎರಡೂವರೆ ಶತಮಾನದಷ್ಟು ಹಳೆಯ ಕತೆ ಇದೆ. ಪ್ಯಾರಿಸ್ಸಿನ ಬಲೂನು, ಬರ್ಲಿನ್ನಿನ ಕಾರು, ಜರ್ಮನಿಯ ಸಬ್‌ಮರೀನು, ಬನಾರಸ್ಸಿನ ಮೋಟಾರ್ ಸೈಕಲ್ಲು ಎಲ್ಲ ಬಂದುಹೋಗುವ ಕತೆ. ತುಂಬಾ ದಿನದಿಂದ ಬರೀಬೇಕು ಅಂದುಕೊಂಡಿದ್ದೆ. ಪೋಸ್ಟು ಸ್ವಲ್ಪ ಉದ್ದ ಆಗಿದೆ, ಒಂದು ಲೋಟ ಕಾಫಿ ಇಟ್ಕೊಂಡು ಕೂತ್ಕೊಳ್ಳಿ :-)

ನೀರು ಅಂದ್ರೆ ಬೂದಿ

ಕತೆಗೆ ಮುಂಚೆ ಒಂದು ಸಣ್ಣ ವಿಷಯ. ಸೌದೆ ಉರಿದರೆ ಬೂದಿ ಉಳಿಯುತ್ತೆ. ಜಲಜನಕ ಉರಿದರೆ ಉಳಿಯೋದು ನೀರು. ಅಂದ ಮೇಲೆ ನೀರು ಅನ್ನೋದು ಜಲಜನಕದ ಬೂದಿ. ಬೂದಿಯನ್ನ ಒಲೆಗೆ ಹಾಕಿ ಊದಿದರೆ ಬೆಂಕಿ ಬರುತ್ತಾ? ನೀರನ್ನ ಎಂಜಿನ್ನಿಗೆ ಹಾಕೋದೂ ಅಷ್ಟೇ.

ನೀರಿನಿಂದ ಜಲಜನಕವನ್ನ ವಾಪಸ್ ಪಡೀಬೇಕು ಅಂದರೆ ಅದರ ಜೊತೆಗಿರುವ ಆಮ್ಲಜನಕವನ್ನ ಯಾರಾದರೂ ಕಿತ್ತುಕೊಳ್ಳಬೇಕು. ಕರೆಂಟು ಹರಿಸಿ ಬಿಡಿಸಬಹುದು. ಇಲ್ಲಾಂದ್ರೆ ಆಮ್ಲಜನಕದ ಮೇಲೆ ಜಲಜನಕಕ್ಕಿಂತ ಜಾಸ್ತಿ ಆಸೆ ಇರುವ ಇನ್ನೊಂದು ವಸ್ತುವನ್ನ ಮುಂದೆ ತಂದು ನಿಲ್ಲಿಸಬಹುದು. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಕೆಂಪಗೆ ಕಾಯಿಸಿದ ಕಬ್ಬಿಣ, ಇವೆಲ್ಲ ಆ ಜಾತಿಯವು. ಇವು ಆಮ್ಲಜನಕವನ್ನ ಹಿಡಿದುಕೊಂಡು ಬೂದಿಯಾಗುತ್ತವೆ, ಜಲಜನಕ ಬಿಡುಗಡೆಯಾಗಿ ಹೊರಗೆ ಬರುತ್ತೆ. ಸರಿಯಾಗಿ ನೋಡಿದರೆ ಇಲ್ಲಿ ಉರಿಯುತ್ತಿರೋದು ಲೋಹ, ನೀರಲ್ಲ.

ಇದಲ್ಲದೆ ಲೋಹಕ್ಕೆ ಇನ್ನೊಂದು ಪಾತ್ರವೂ ಇದೆ. ಕೆಲವು ಲೋಹಗಳು ಜಲಜನಕವನ್ನ ಸ್ಪಂಜಿನ ಥರ ಹೀರಿಟ್ಟುಕೊಂಡು, ಬಿಸಿ ಮಾಡಿದಾಗ ವಾಪಸ್ ಕೊಡುತ್ತವೆ. ಇಲ್ಲಿ ಲೋಹ ಉರಿಯಲ್ಲ, ಬರೀ ಡಬ್ಬಿಯ ಕೆಲಸ ಮಾಡುತ್ತೆ. ಉರಿದುಹೋಗುವ ಲೋಹ, ಹೀರಿಟ್ಟುಕೊಳ್ಳುವ ಲೋಹ. ಈ ಎರಡನ್ನ ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸಲೀಸು.

ಮೊದಲ ಸವಾರಿ ಆಕಾಶದಲ್ಲಿ

1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಸತು, ಕಬ್ಬಿಣ, ತವರಗಳನ್ನ ಆಮ್ಲದಲ್ಲಿ ಕರಗಿಸಿ, ಬರುವ ಗಾಳಿಯನ್ನ ಹಿಡಿದು, ಅಳೆದು ನೋಡಿದ. ಹೈಸ್ಕೂಲಿನಲ್ಲಿ ನಾವೆಲ್ಲ ಸತುವಿನ ಚೂರಿಗೆ ಆಮ್ಲ ಹಾಕಿ, ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು 'ಟಪ್' ಅನ್ನೋ ಸದ್ದು ಕೇಳಿಸಿಕೊಂಡಿದ್ದೇವಲ್ಲ, ಅದೇ ಪ್ರಯೋಗದ ಹಿರಿಯಜ್ಜ. ಕ್ಯಾವೆಂಡಿಶ್ ಅದನ್ನ ಹೊತ್ತಿಕೊಳ್ಳುವ ಗಾಳಿ ಅಂತ ಕರೆದ. ಈ ಗಾಳಿ ಲೋಹದ ಒಳಗಿಂದಲೇ ಬರುತ್ತೆ ಅಂತ ಅವನ ನಂಬಿಕೆ. ಅದು ಬರೋದು ಆಮ್ಲದಿಂದ ಅಂತ ಇವತ್ತು ನಮಗೆ ಗೊತ್ತು. ಆದರೂ ನನಗೆ ಅವನ ಊಹೆ ಇಷ್ಟ. ಅನಿಲದ ಲೆಕ್ಕದಲ್ಲಿ ಅದು ತಪ್ಪು, ಶಕ್ತಿಯ ಲೆಕ್ಕದಲ್ಲಿ ಹೆಚ್ಚೂಕಮ್ಮಿ ಸರಿ! ಆ ಉರಿಯನ್ನ ಕೊಟ್ಟಿದ್ದು ಲೋಹವೇ.

ಮುಂದೆ 1787ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಜೊತೆಗಾರರು ರಸಾಯನಗಳಿಗೆಲ್ಲ ಹೊಸ ಹೆಸರು ಕೊಟ್ಟಾಗ ಈ ಗಾಳಿಗೆ ಗ್ರೀಕ್ ಮೂಲದ 'ಹೈಡ್ರೋಜನ್' ಹೆಸರು ಬಂತು. ನೀರನ್ನ ಹುಟ್ಟಿಸುವುದು ಅಂತ ಅರ್ಥ. ನಮ್ಮ 'ಜಲಜನಕ' ಅದರದೇ ನೇರ ಕನ್ನಡ ರೂಪ.

ಅಷ್ಟು ಹೊತ್ತಿಗಾಗಲೇ ಜಲಜನಕ ಆಕಾಶಕ್ಕೆ ಹಾರಿಯಾಗಿತ್ತು. 27 ಆಗಸ್ಟ್ 1783ರಂದು ಪ್ಯಾರಿಸ್ಸಿನ ಶಾಂ ದ ಮಾರ್ಸ್ ಮೈದಾನದಲ್ಲಿ, ಇವತ್ತು ಐಫೆಲ್ ಗೋಪುರ ನಿಂತಿರುವ ಜಾಗದ ಪಕ್ಕದಲ್ಲೇ, ಜಾಕ್ ಶಾರ್ಲ್ ಅನ್ನೋ ವಿಜ್ಞಾನಿ ರಾಬರ್ಟ್ ಸಹೋದರರ ಜೊತೆ ಸೇರಿ ರೇಷ್ಮೆ ಬಟ್ಟೆಗೆ ರಬ್ಬರ್ ಬಳಿದು ಮಾಡಿದ ಬಲೂನನ್ನ ಹಾರಿಸಿದ. ಅದಕ್ಕೆ ಜಲಜನಕ ತುಂಬಲು ಬೇಕಾಗಿದ್ದು ಸುಮಾರು ಅರ್ಧ ಟನ್ ಕಬ್ಬಿಣದ ಚೂರು, ಕಾಲು ಟನ್ ಗಂಧಕಾಮ್ಲ! ಬಲೂನು ಮುಕ್ಕಾಲು ಗಂಟೆ ಹಾರಿ ಸುಮಾರು 20 ಕಿ.ಮೀ. ದೂರದ ಗೊನೆಸ್ ಅನ್ನೋ ಹಳ್ಳಿಯಲ್ಲಿ ಇಳಿಯಿತು. ಹಳ್ಳಿಯವರು ಯಾವುದೋ ರಾಕ್ಷಸ ಬಂತು ಅಂತ ಹೆದರಿ ಅದನ್ನ ಚುಚ್ಚಿ ಹರಿದುಹಾಕಿದರು. ಪಾಪ! ಅದೇ ವರ್ಷ ಡಿಸೆಂಬರ್ 1ರಂದು ಶಾರ್ಲ್ ತಾನೇ ಜಲಜನಕದ ಬಲೂನಿನಲ್ಲಿ ಕೂತು ಹಾರಿದ.

ಅಂದರೆ ಜಲಜನಕದ ಮೊದಲ ವಾಹನ ಅಂತ ಯಾವುದನ್ನಾದರೂ ಕರೆಯೋದಾದರೆ ಅದು ಈ ಬಲೂನು. ಅಲ್ಲಿ ಜಲಜನಕ ಇಂಧನವಾಗಿರಲಿಲ್ಲ, ಹಗುರ ಅನ್ನೋ ಕಾರಣಕ್ಕೆ ಎತ್ತುವ ಕೆಲಸ ಮಾಡುತ್ತಿತ್ತು, ನಿಜ. ಆದರೆ ಅದು ಬಂದಿದ್ದು ಲೋಹದ ಬಲದಿಂದ.

1784ರಲ್ಲಿ ಲವಾಸಿಯೆ ಮತ್ತು ಮ್ಯೂಸ್ನಿಯೆ ಇನ್ನೊಂದು ದಾರಿ ತೋರಿಸಿದರು. ಕೆಂಪಗೆ ಕಾದ ಬಂದೂಕಿನ ನಳಿಕೆಯೊಳಗೆ ನೀರು ಹಾಯಿಸಿದರೆ ಕಬ್ಬಿಣ ಆಮ್ಲಜನಕವನ್ನ ಹಿಡಿದುಕೊಳ್ಳುತ್ತೆ, ಜಲಜನಕ ಆಚೆ ಬರುತ್ತೆ. ಆಮ್ಲವೇ ಬೇಡ! ಹತ್ತೇ ವರ್ಷಕ್ಕೆ ಇದು ಯುದ್ಧಕ್ಕೆ ಬಂತು. ಫ್ರಾನ್ಸಿನ ಸೇನೆಗೆ ಮದ್ದು ಗುಂಡಿಗೆ ಗಂಧಕ ಬೇಕಿತ್ತು, ಬಲೂನಿಗಾಗಿ ಗಂಧಕಾಮ್ಲ ಸುರಿಯುವ ಹಾಗಿರಲಿಲ್ಲ. ಹಾಗಾಗಿ ಕಾದ ಕಬ್ಬಿಣ ಮತ್ತು ಹಬೆಯಿಂದ ಜಲಜನಕ ತಯಾರಿಸಿ, 26 ಜೂನ್ 1794ರ ಫ್ಲೂರಸ್ ಕದನದಲ್ಲಿ ಬಲೂನಿನ ಮೇಲಿಂದ ಶತ್ರು ಸೈನ್ಯದ ಚಲನವಲನ ನೋಡಿದರು. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಥೇಡಿಯಸ್ ಲೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುದುರೆ ಗಾಡಿಗಳ ಮೇಲೆಯೇ ದೊಡ್ಡ ತೊಟ್ಟಿ ಕೂರಿಸಿ, ಅದರೊಳಗೆ ಕಬ್ಬಿಣದ ಚೂರು ಮತ್ತು ಗಂಧಕಾಮ್ಲ ಹಾಕಿ, ರಣರಂಗದಲ್ಲೇ ಜಲಜನಕ ತಯಾರಿಸುತ್ತಿದ್ದ.

ನಮ್ಮ ಜಾತ್ರೆಗಳಲ್ಲಿ ಗ್ಯಾಸ್ ಬಲೂನು ಮಾರುವವರೂ ಇದೇ ವಂಶದವರು. ಹೀಲಿಯಂ ದುಬಾರಿ. ಹಾಗಾಗಿ ಎಷ್ಟೋ ಕಡೆ ಕಬ್ಬಿಣದ ಸಿಲಿಂಡರಿಗೆ ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರು, ನೀರು ಹಾಕಿ ಮುಚ್ಚಳ ಬಿಗಿಯುತ್ತಾರೆ. ಒಳಗೆ ಜಲಜನಕ ಹುಟ್ಟುತ್ತೆ, ಜೊತೆಗೆ ವಿಪರೀತ ಶಾಖವೂ ಹುಟ್ಟುತ್ತೆ. ಆ ಸಿಲಿಂಡರ್ ಸಿಡಿದು ಬಲೂನಿನವರೂ, ಸುತ್ತ ನಿಂತಿದ್ದ ಮಕ್ಕಳೂ ಸತ್ತ ಸುದ್ದಿ ಆಗಾಗ ಓದುತ್ತೇವೆ. ಆ ಶಾಖವನ್ನ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತೆ.

ಕಾರಿಗೆ ಬಂದಾಗ ಶುರುವಾದ ಕಷ್ಟ

ಬಲೂನಿಗೆ ಒಂದು ಅನುಕೂಲ ಇತ್ತು. ಕಬ್ಬಿಣ, ಆಮ್ಲ, ತೊಟ್ಟಿ ಎಲ್ಲ ನೆಲದ ಮೇಲೇ ಉಳಿಯುತ್ತಿದ್ದವು, ಮೇಲೆ ಹೋಗುತ್ತಿದ್ದದ್ದು ಅನಿಲ ಮಾತ್ರ. ಕಾರು ಹಾಗಲ್ಲ, ತನ್ನ ಇಂಧನವನ್ನ ತಾನೇ ಹೊರಬೇಕು. 1807ರಲ್ಲೇ ಸ್ವಿಟ್ಜರ್ಲೆಂಡಿನ ಐಸಾಕ್ ದ ರಿವಾಜ್ ಜಲಜನಕವನ್ನ ವಿದ್ಯುತ್ ಕಿಡಿಯಿಂದ ಹೊತ್ತಿಸಿ ಓಡುವ ಎಂಜಿನ್ನಿಗೆ ಪೇಟೆಂಟ್ ಪಡೆದ, ಅದನ್ನ ಗಾಡಿಗೂ ಕೂರಿಸಿದ. ಪೆಟ್ರೋಲ್ ಕಾರಿಗಿಂತ ಮುಕ್ಕಾಲು ಶತಮಾನ ಮುಂಚೆ! ಆದರೆ ಜಲಜನಕವನ್ನ ಚೀಲದಲ್ಲಿ ತುಂಬಿಕೊಂಡು ಹೋಗಬೇಕಿತ್ತು. ಮಾಮೂಲಿ ಒತ್ತಡದಲ್ಲಿ ಒಂದೇ ಒಂದು ಕೆ.ಜಿ. ಜಲಜನಕಕ್ಕೆ 11 ಸಾವಿರ ಲೀಟರಿಗೂ ಹೆಚ್ಚು ಜಾಗ ಬೇಕು. ನೀರಿನ ಟ್ಯಾಂಕರ್ ಲಾರಿಯ ಹೊಟ್ಟೆಯಷ್ಟು! ಅಷ್ಟು ದೊಡ್ಡ ಚೀಲ ಹೊತ್ತು ಎಲ್ಲಿಗೆ ಹೋಗೋದು?

ಪರಿಹಾರದ ಸುಳಿವು ಸಿಕ್ಕಿದ್ದು 1866ರಲ್ಲಿ. ಥಾಮಸ್ ಗ್ರಹಾಂ ಅನ್ನೋ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಪಲ್ಲಾಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನ ಒಳಗೆ ಹೀರಿಕೊಳ್ಳುತ್ತೆ ಅಂತ ತೋರಿಸಿದ. ಜಲಜನಕದ ಪರಮಾಣು ಎಷ್ಟು ಸಣ್ಣದು ಅಂದರೆ ಲೋಹದ ಪರಮಾಣುಗಳ ನಡುವಿನ ಸಂದಿಯಲ್ಲಿ ನುಸುಳಿ ಕೂತುಬಿಡುತ್ತೆ. ಹೀಗೆ ಆದ ಲೋಹವನ್ನೇ ಹೈಡ್ರೈಡ್ ಅನ್ನೋದು. ಆದರೆ ಪಲ್ಲಾಡಿಯಂ ಚಿನ್ನ ಬೆಳ್ಳಿಯ ಸಾಲಿನ ಲೋಹ. ಅದರಿಂದ ಕಾರಿನ ಟ್ಯಾಂಕು ಮಾಡೋಕೆ ಕುಬೇರನೇ ಬರಬೇಕು.

ಸುಮಾರು ನೂರು ವರ್ಷ ಬಿಟ್ಟು ಅಗ್ಗದ ಸ್ಪಂಜುಗಳು ಸಿಕ್ಕವು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೈಲಿ ಮತ್ತು ವಿಸ್ವಾಲ್ 1968ರಲ್ಲಿ ಮೆಗ್ನೀಸಿಯಂ-ನಿಕ್ಕಲ್, 1974ರಲ್ಲಿ ಕಬ್ಬಿಣ-ಟೈಟಾನಿಯಂ ಮಿಶ್ರಲೋಹದ ಗುಣಗಳನ್ನ ಪ್ರಕಟಿಸಿದರು. ಈ ನಡುವೆ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಆಯಸ್ಕಾಂತದ ಮಿಶ್ರಲೋಹಗಳ ಕೆಲಸ ಮಾಡುತ್ತಿದ್ದವರಿಗೆ ಅವು ಜಲಜನಕ ಹೀರುತ್ತಿರೋದು ಕಂಡು, ಅದರ ಜಾಡು ಹಿಡಿದು ಹೋದಾಗ ಲ್ಯಾಂಥನಂ-ನಿಕ್ಕಲ್ ಸಿಕ್ಕಿತು.

ಅದೇ ಸಮಯಕ್ಕೆ, 1973ರಲ್ಲಿ, ಅರಬ್ ದೇಶಗಳು ತೈಲ ನಿಲ್ಲಿಸಿದವು. ಪೆಟ್ರೋಲ್ ಬೆಲೆ ಗಗನಕ್ಕೆ ಹೋಯ್ತು. ಹೈಡ್ರೈಡ್ ಅನ್ನೋ ಪ್ರಯೋಗಾಲಯದ ಪದ ಕಾರು ಕಂಪನಿಗಳ ಬಾಯಿಗೂ ಬಂತು.

ಬರ್ಲಿನ್ನಿನ ಹತ್ತು ಗಾಡಿಗಳು

ಅಮೆರಿಕದ ಯೂಟಾದಲ್ಲಿ ರೋಜರ್ ಬಿಲಿಂಗ್ಸ್ ಅನ್ನೋ ಯುವಕ 1970ರ ದಶಕದಲ್ಲಿ ಹೈಡ್ರೈಡ್ ಟ್ಯಾಂಕಿನ ಜಲಜನಕ ಬಸ್ಸು ಓಡಿಸಿದ. ಆದರೆ ದೊಡ್ಡ ಪರೀಕ್ಷೆ ನಡೆದಿದ್ದು ಜರ್ಮನಿಯಲ್ಲಿ. 1984ರಿಂದ 1988ರವರೆಗೆ ಡೈಮ್ಲರ್-ಬೆಂಜ್ ಕಂಪನಿ ಪಶ್ಚಿಮ ಬರ್ಲಿನ್ನಿನ ರಸ್ತೆಗಳಲ್ಲಿ ಹತ್ತು ಜಲಜನಕ ಗಾಡಿಗಳನ್ನ, ಕಾರುಗಳನ್ನೂ ವ್ಯಾನುಗಳನ್ನೂ, ದಿನನಿತ್ಯದ ಬಳಕೆಗೆ ಬಿಟ್ಟಿತು. ಟ್ಯಾಂಕಿನೊಳಗೆ ಲೋಹದ ಪುಡಿ. ಬಂಕಿನಲ್ಲಿ ಜಲಜನಕ ತುಂಬಿದಾಗ ಲೋಹ ಅದನ್ನ ಹೀರಿ ಬಿಸಿಯಾಗುತ್ತೆ, ಆ ಬಿಸಿಯನ್ನ ನೀರು ಹಾಯಿಸಿ ಹೊರಗೆ ತೆಗೀಬೇಕು. ಗಾಡಿ ಓಡುವಾಗ ಎಂಜಿನ್ನಿನ ಬಿಸಿಯನ್ನೇ ಟ್ಯಾಂಕಿಗೆ ಕೊಟ್ಟರೆ ಲೋಹ ಜಲಜನಕವನ್ನ ಬಿಟ್ಟುಕೊಡುತ್ತೆ.

ಇದರಲ್ಲಿ ಒಂದು ಚೆಂದ ಇದೆ ನೋಡಿ. ಅಪಘಾತವಾಗಿ ಟ್ಯಾಂಕು ತೂತಾದರೆ ಜಲಜನಕ ಒಮ್ಮೆಲೇ ನುಗ್ಗಿ ಬರಲ್ಲ. ಸ್ವಲ್ಪ ಹೊರಬರುತ್ತಿದ್ದ ಹಾಗೆ ಲೋಹ ತಣ್ಣಗಾಗಿ ಉಳಿದದ್ದನ್ನ ತನ್ನಲ್ಲೇ ಹಿಡಿದುಕೊಳ್ಳುತ್ತೆ. ಸುರಕ್ಷತೆಯ ವಿಷಯದಲ್ಲಿ ಇದನ್ನ ಮೀರಿಸೋದು ಕಷ್ಟ.

ಹಾಗಿದ್ರೆ ಸೋತಿದ್ದೆಲ್ಲಿ? ತಕ್ಕಡಿಯಲ್ಲಿ. ಕಬ್ಬಿಣ-ಟೈಟಾನಿಯಂ ಹೀರುವ ಜಲಜನಕ ಅದರ ತೂಕದ ಶೇ. 2ಕ್ಕೂ ಕಡಿಮೆ. ಲ್ಯಾಂಥನಂ-ನಿಕ್ಕಲ್ ಶೇ. 1.5ರ ಆಸುಪಾಸು. ಒಂದು ಕಾರಿಗೆ ಸುಮಾರು 500 ಕಿ.ಮೀ. ಓಡಲು 5 ಕೆ.ಜಿ. ಜಲಜನಕ ಬೇಕು ಅಂತಿಟ್ಟುಕೊಳ್ಳಿ. ಅದನ್ನ ಹೊರಲು 280 ಕೆ.ಜಿ.ಯಷ್ಟು ಕಬ್ಬಿಣ-ಟೈಟಾನಿಯಂ ಬೇಕು. ಅದರ ಮೇಲೆ ಡಬ್ಬಿ, ಬಿಸಿನೀರಿನ ಕೊಳವೆಗಳ ತೂಕ ಬೇರೆ. ನಾಲ್ಕು ಜನ ದಪ್ಪಗಿನ ನೆಂಟರನ್ನ ಜೀವಮಾನವಿಡೀ ಡಿಕ್ಕಿಯಲ್ಲಿ ಕೂರಿಸಿಕೊಂಡು ಓಡಾಡಿದ ಹಾಗೆ! ಮೆಗ್ನೀಸಿಯಂ ತನ್ನ ತೂಕದ ಶೇ. 7ಕ್ಕಿಂತ ಹೆಚ್ಚು ಹೀರುತ್ತೆ ನಿಜ, ಆದರೆ ವಾಪಸ್ ಕೊಡಲು ಸುಮಾರು 300 ಡಿಗ್ರಿ ಬಿಸಿ ಕೇಳುತ್ತೆ. ಹಗುರ ಇದ್ದದ್ದು ಜಿಗುಟು, ಧಾರಾಳಿಯಾದದ್ದು ಭಾರ.

ಆಮೇಲೆ 1991ರಲ್ಲಿ ಮಾಜ್ದಾ, 1996ರಲ್ಲಿ ಟೊಯೊಟಾ ಹೈಡ್ರೈಡ್ ಟ್ಯಾಂಕಿನ ಪ್ರಯೋಗದ ಕಾರುಗಳನ್ನ ತೋರಿಸಿದವು. ಆದರೆ 2014ರ ಡಿಸೆಂಬರಿನಲ್ಲಿ ಟೊಯೊಟಾ ತನ್ನ ಮಿರಾಯ್ ಕಾರನ್ನ ಮಾರಾಟಕ್ಕೆ ತಂದಾಗ ಅದರಲ್ಲಿ ಲೋಹದ ಸ್ಪಂಜು ಇರಲಿಲ್ಲ. 700 ಪಟ್ಟು ಒತ್ತಡದಲ್ಲಿ ಜಲಜನಕ ತುಂಬಿದ ಕಾರ್ಬನ್ ನಾರಿನ ಸಿಲಿಂಡರ್‌ಗಳಿದ್ದವು.

ಸೋತ ಲೋಹ ಗೆದ್ದ ಜಾಗಗಳು

ಇಲ್ಲಿಗೆ ಕತೆ ಮುಗಿದಿದ್ದರೆ ಇಷ್ಟುದ್ದ ಬರೀತಿರಲಿಲ್ಲ. ಹೈಡ್ರೈಡ್ ಎರಡು ಜಾಗದಲ್ಲಿ ಗೆದ್ದಿತು, ಎರಡೂ ಯಾರೂ ಊಹಿಸದ ಜಾಗ.

ಒಂದು, ಸಮುದ್ರದ ಅಡಿ. ಜರ್ಮನಿಯ 212ಎ ಮಾದರಿಯ ಸಬ್‌ಮರೀನುಗಳು ಜಲಜನಕವನ್ನ ಇಟ್ಟುಕೊಳ್ಳೋದು ಲೋಹದ ಹೈಡ್ರೈಡ್ ಸಿಲಿಂಡರುಗಳಲ್ಲಿ. ಫ್ಯುಯೆಲ್ ಸೆಲ್ ಅದನ್ನ ಸದ್ದಿಲ್ಲದೆ ಕರೆಂಟಾಗಿಸುತ್ತೆ. ಮೊದಲನೆಯದು, ಯು-31, 2005ರಲ್ಲಿ ಸೇವೆಗೆ ಸೇರಿತು. 2013ರಲ್ಲಿ ಯು-32 ಒಮ್ಮೆಯೂ ಗಾಳಿಗೆ ಮೇಲೆ ಬಾರದೆ 18 ದಿನ ನೀರಿನಡಿಯೇ ಸಾಗಿತು. ಕಾರಿಗೆ ಶಾಪವಾಗಿದ್ದ ತೂಕ ಸಬ್‌ಮರೀನಿಗೆ ಸಮಸ್ಯೆಯೇ ಅಲ್ಲ. ಮುಳುಗೋಕೆ ಅದಕ್ಕೆ ಹೇಗಿದ್ದರೂ ಭಾರ ಬೇಕಲ್ಲ!

ಎರಡನೆಯದು ಇನ್ನೂ ಸ್ವಾರಸ್ಯ. ಲ್ಯಾಂಥನಂ-ನಿಕ್ಕಲ್ ಜಾತಿಯ ಲೋಹವನ್ನ ಬ್ಯಾಟರಿಯ ಒಳಗೆ ಇಟ್ಟರು. ಅದೇ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ. 1997ರಲ್ಲಿ ಬಂದ ಟೊಯೊಟಾ ಪ್ರಿಯಸ್ ಹೈಬ್ರಿಡ್ ಕಾರಿನ ಬ್ಯಾಟರಿ ಇದೇ. ಮುಂದೆ ಲಕ್ಷಾಂತರ ಹೈಬ್ರಿಡ್ ಕಾರುಗಳಲ್ಲಿ ಇದು ಕೂತಿತು. ಲೋಹದಲ್ಲಿ ಅಡಗಿದ ಜಲಜನಕ ಕೊನೆಗೂ ರಸ್ತೆಗೆ ಬಂತು, ಇಂಧನದ ಟ್ಯಾಂಕಾಗಿ ಅಲ್ಲ, ಬ್ಯಾಟರಿಯ ವೇಷದಲ್ಲಿ.

ನಮ್ಮ ದೇಶದಲ್ಲೂ ಈ ಹಾದಿಯಲ್ಲಿ ನಡೆದವರಿದ್ದಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರೊ. ಓಂಕಾರ್ ನಾಥ್ ಶ್ರೀವಾಸ್ತವ ಮತ್ತು ಅವರ ಶಿಷ್ಯರು ಹೈಡ್ರೈಡ್ ಟ್ಯಾಂಕು ಕೂರಿಸಿದ ಮೋಟಾರ್ ಸೈಕಲ್ಲನ್ನೂ ಮೂರು ಚಕ್ರದ ಗಾಡಿಯನ್ನೂ ಜಲಜನಕದಲ್ಲಿ ಓಡಿಸಿ ತೋರಿಸಿದರು. ಇಡೀ ವೃತ್ತಿಜೀವನದ ಬಹುಭಾಗವನ್ನ ಇದಕ್ಕೇ ಕೊಟ್ಟ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. 2021ರಲ್ಲಿ ತೀರಿಕೊಂಡರು. ನೀರಿನ ಕಾರಿನ ವಿಡಿಯೋ ಲಕ್ಷಗಟ್ಟಲೆ ಜನ ನೋಡುತ್ತಾರೆ, ಇಂಥವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ?

ಮತ್ತೆ ಉರಿಯುವ ಲೋಹ

ಸರಿ, ಸ್ಪಂಜು ಭಾರವಾಯ್ತು. ಹಾಗಾದರೆ ಬಲೂನಿನ ಹಳೇ ದಾರಿಗೇ ವಾಪಸ್ ಹೋಗಿ, ಲೋಹವನ್ನೇ ಉರಿಸಿದರೆ ಹೇಗೆ?

1967ರಲ್ಲಿ ಅಮೆರಿಕದ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದ ಜೆರಿ ವುಡಾಲ್ ಗ್ಯಾಲಿಯಂ ಮತ್ತು ಅಲ್ಯೂಮಿನಿಯಂ ಕರಗಿಸಿದ್ದ ಪಾತ್ರೆಯನ್ನ ತೊಳೆಯಲು ನೀರು ಹಾಕಿದರು. ಭುಸ್ ಅಂತ ಜಲಜನಕ ಎದ್ದಿತು. ನಮ್ಮ ಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನಾ ನೀರು ಕಾಯಿಸಿದರೂ ಏನೂ ಆಗಲ್ಲ, ಯಾಕೆ? ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಕವಚ ಇರುತ್ತೆ. ಒಳಗಿನ ಲೋಹಕ್ಕೆ ನೀರು ತಾಗೋದೇ ಇಲ್ಲ. ಅಂಗೈ ಬಿಸಿಗೇ ಕರಗುವ ಗ್ಯಾಲಿಯಂ ಆ ಕವಚ ಗಟ್ಟಿಯಾಗಿ ಕೂರದ ಹಾಗೆ ನೋಡಿಕೊಳ್ಳುತ್ತೆ. ಆಗ ಅಲ್ಯೂಮಿನಿಯಂ ತನ್ನ ನಿಜವಾದ ಸ್ವಭಾವ ತೋರಿಸುತ್ತೆ. ನಲವತ್ತು ವರ್ಷದ ನಂತರ, 2007ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ವುಡಾಲ್ ಇದರಿಂದ ವಾಹನ ಓಡಿಸಬಹುದು ಅಂತ ಹೇಳಿದಾಗ ಅದು ದೊಡ್ಡ ಸುದ್ದಿಯಾಯ್ತು.

ಅದಕ್ಕೂ ಮುಂಚೆ, 2001ರಲ್ಲಿ, ಕ್ರೈಸ್ಲರ್ ಕಂಪನಿ 'ನೇಟ್ರಿಯಂ' ಅನ್ನೋ ವ್ಯಾನನ್ನ ತೋರಿಸಿತ್ತು. ಸೋಡಿಯಂ ಬೋರೋಹೈಡ್ರೈಡ್ ಎಂಬ ಲವಣದ ದ್ರಾವಣದಿಂದ ಜಲಜನಕ ಹುಟ್ಟಿಸಿ ಓಡುವ ಗಾಡಿ. ಒಮ್ಮೆ ತುಂಬಿದರೆ ಸುಮಾರು 480 ಕಿ.ಮೀ.! ಬೆಂಕಿ ಹತ್ತುವ ಭಯ ಕಡಿಮೆ, ಭಾರೀ ಒತ್ತಡದ ಸಿಲಿಂಡರ್ ಬೇಡ. ಆದರೆ 2007ರಲ್ಲಿ ಅಮೆರಿಕದ ಇಂಧನ ಇಲಾಖೆಗೆ ತಜ್ಞರ ಸಮಿತಿ, ವಾಹನದ ಮಟ್ಟಿಗೆ ಈ ದಾರಿಯ ಸಂಶೋಧನೆ ನಿಲ್ಲಿಸಿ ಅಂತ ಶಿಫಾರಸು ಮಾಡಿತು. ಗಾಡಿ ಓಡಲಿಲ್ಲ ಅಂತಲ್ಲ. ಓಡಿದ ಮೇಲೆ ಉಳಿಯುವ ಬೋರೇಟ್ ಲವಣವನ್ನ ಮತ್ತೆ ಬೋರೋಹೈಡ್ರೈಡ್ ಮಾಡಲು ವಿಪರೀತ ಶಕ್ತಿ ಬೇಕಾಗಿತ್ತು.

ಇಡೀ ಚರಿತ್ರೆಯ ತಿರುಳು ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ಹೋಗುವ ದಾರಿ ಯಾವಾಗಲೂ ಸುಲಭ, ಲೋಹಕ್ಕೆ ನೀರು ತಾಗಿಸಿದರೆ ಸಾಕು. ವಾಪಸ್ ಬರುವ ದಾರಿಯೇ ದುಬಾರಿ.

ಯೂನಿಟ್ ಲೆಕ್ಕ

ಅಲ್ಯೂಮಿನಿಯಂನಿಂದಲೇ ಲೆಕ್ಕ ಹಾಕೋಣ. ಕರೆಂಟ್ ಬಿಲ್ಲಿನಲ್ಲಿ ಇರುತ್ತಲ್ಲ, ಆ ಯೂನಿಟ್ಟಿನಲ್ಲೇ.

ಒಂದು ಕೆ.ಜಿ. ಜಲಜನಕಕ್ಕೆ 9 ಕೆ.ಜಿ. ಅಲ್ಯೂಮಿನಿಯಂ, 18 ಕೆ.ಜಿ. ನೀರು ಬೇಕು. ಉಳಿಯೋದು 26 ಕೆ.ಜಿ. ಬಿಳಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. 5 ಕೆ.ಜಿ. ಜಲಜನಕದ ಕಾರಿಗೆ ಅಂದರೆ 45 ಕೆ.ಜಿ. ಲೋಹ, 90 ಕೆ.ಜಿ. ನೀರು, ಕೊನೆಗೆ 130 ಕೆ.ಜಿ. ಬಿಳಿ ಕೆಸರು. ಫ್ಯುಯೆಲ್ ಸೆಲ್ಲಿನಿಂದ ಹೊರಬರುವ ನೀರನ್ನ ಹಿಡಿದು ಮತ್ತೆ ಬಳಸಿದರೆ ಅರ್ಧ ನೀರು ಉಳಿಸಬಹುದು. ಕೆಸರನ್ನ ಮಾತ್ರ ಎಲ್ಲೂ ಸುರಿಯುವ ಹಾಗಿಲ್ಲ, ಹೊತ್ತು ವಾಪಸ್ ತರಬೇಕು. ಪೆಟ್ರೋಲ್ ಗಾಡಿ ಓಡಿದಷ್ಟೂ ಹಗುರಾಗುತ್ತೆ. ಇದು ಹಾಗಲ್ಲ.

ಈಗ ಶಕ್ತಿ. ಒಂದು ಕೆ.ಜಿ. ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಸ್ಮೆಲ್ಟರಿನಲ್ಲಿ ಸುಮಾರು 14 ಯೂನಿಟ್ ಕರೆಂಟು ಬೇಕು. 9 ಕೆ.ಜಿ.ಗೆ 126 ಯೂನಿಟ್. ಇದರಿಂದ ಸಿಗುವ 1 ಕೆ.ಜಿ. ಜಲಜನಕದಲ್ಲಿ ಇರೋದು ಸುಮಾರು 33 ಯೂನಿಟ್ ಶಕ್ತಿ. ಸ್ಮೆಲ್ಟರಿನಲ್ಲೇ ಒಂದು ಪಾಲು ನಷ್ಟ. ಇನ್ನೊಂದು ದೊಡ್ಡ ಪಾಲು ಲೋಹಕ್ಕೆ ನೀರು ತಾಗಿದಾಗ ಬಿಸಿಯಾಗಿ ಹೋಗುತ್ತೆ, ಜಾತ್ರೆಯ ಸಿಲಿಂಡರನ್ನ ಸಿಡಿಸುತ್ತಲ್ಲ ಅದೇ ಬಿಸಿ. ಅದರ ಬದಲು ಕರೆಂಟಿನಿಂದ ನೇರವಾಗಿ ನೀರನ್ನ ಒಡೆದರೆ 1 ಕೆ.ಜಿ. ಜಲಜನಕಕ್ಕೆ 50ರಿಂದ 55 ಯೂನಿಟ್ ಸಾಕು. ಲೋಹದ ದಾರಿ ಎರಡು ಪಟ್ಟಿಗಿಂತ ಹೆಚ್ಚು ದುಬಾರಿ!

ಕರೆಂಟಿಗೂ ಅಲ್ಯೂಮಿನಿಯಂಗೂ ಇರುವ ನಂಟು ಕನ್ನಡನಾಡಿಗೆ ಹೊಸದಲ್ಲ. ಬೆಳಗಾವಿಯಲ್ಲಿ ಇವತ್ತು ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ಅನ್ನೋ ಬಿಳಿ ಪುಡಿ ತಯಾರಾಗುತ್ತೆ. ಒಂದು ಕಾಲದಲ್ಲಿ ಅಲ್ಲೇ ಅದನ್ನ ಲೋಹ ಮಾಡುವ ಸ್ಮೆಲ್ಟರೂ ಇತ್ತು. ವಿದ್ಯುತ್ತಿನ ಸಮಸ್ಯೆಯಿಂದ ಅದು ನಿಂತುಹೋಯ್ತು. ಅಲ್ಯೂಮಿನಿಯಂ ಕಾರಿನ ಕೆಸರನ್ನ ಸುಟ್ಟರೆ ಸಿಗೋದೂ ಅದೇ ಅಲ್ಯೂಮಿನಾ. ಅದನ್ನ ಮತ್ತೆ ಲೋಹ ಮಾಡಲು ಮತ್ತದೇ ಕರೆಂಟು. ನಮ್ಮ ದೇಶದ ಸ್ಮೆಲ್ಟರುಗಳು ಬಹುಪಾಲು ಕಲ್ಲಿದ್ದಲಿನ ಕರೆಂಟಿನಿಂದಲೇ ನಡೆಯುತ್ತವೆ. ಅಂದ ಮೇಲೆ 'ನೀರಿನ' ಕಾರಿನ ಹೊಗೆ ಎಲ್ಲಿ ಬರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಇದು ಬರೀ ದಂಡ ಅಂತಲ್ಲ. 2021ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಫ್ರೌನ್‌ಹೋಫರ್ ಸಂಸ್ಥೆಯವರು ಮೆಗ್ನೀಸಿಯಂ ಹೈಡ್ರೈಡಿನ ಪೇಸ್ಟು ತೋರಿಸಿದರು. ಸಣ್ಣ ಸ್ಕೂಟರಿಗೆ ಡಬ್ಬಿ ಬದಲಾಯಿಸಿ ಹೋಗುವ ಯೋಚನೆ. 2024ರಲ್ಲಿ ಅಮೆರಿಕದ ಎಂಐಟಿಯವರು ಗ್ಯಾಲಿಯಂ-ಇಂಡಿಯಂ ಸವರಿದ ಅಲ್ಯೂಮಿನಿಯಂ ಸಮುದ್ರದ ನೀರಿನಲ್ಲಿ ಜಲಜನಕ ಕೊಡುತ್ತೆ, ಕಾಫಿಯಲ್ಲಿರುವ ಕೆಫೀನ್ ಸೇರಿಸಿದರೆ ಎರಡು ಗಂಟೆಯ ಕೆಲಸ ಐದು ನಿಮಿಷದಲ್ಲಿ ಆಗುತ್ತೆ ಅಂತ ಪ್ರಕಟಿಸಿದರು. (ನಿಮ್ಮ ಕೈಯಲ್ಲಿರೋ ಕಾಫಿ ಮಾತ್ರ ಕುಡಿದುಬಿಡಿ!) ಅವರ ಕಣ್ಣಿರೋದು ಸಮುದ್ರದೊಳಗೆ ಓಡಾಡುವ ಸಣ್ಣ ಯಂತ್ರಗಳು ಮತ್ತು ದೋಣಿಗಳ ಮೇಲೆ. ನೀರು ಸುತ್ತಲೂ ಇದೆ, ಹೊರಬೇಕಾದ್ದು ಲೋಹ ಮಾತ್ರ. ವಾಪಸ್ ಬರುವ ದಾರಿಯ ದುಬಾರಿಯನ್ನ ಮುಚ್ಚಿಡದೆ, ಅದನ್ನ ತಾಳಿಕೊಳ್ಳಬಲ್ಲ ಜಾಗ ಹುಡುಕುವವರು ಇವರು. ಪ್ರಾಮಾಣಿಕ ಕೆಲಸ ಅಂದರೆ ಇದು.

ಕೇಳಬೇಕಾದ ಮೂರು ಪ್ರಶ್ನೆ

2008ರ ಜೂನಿನಲ್ಲಿ ಜಪಾನಿನ ಒಸಾಕಾದಲ್ಲಿ ಜೆನೆಪ್ಯಾಕ್ಸ್ ಅನ್ನೋ ಕಂಪನಿ ಪತ್ರಕರ್ತರನ್ನ ಕರೆದು, ಬಾಟಲಿಯಿಂದ ನೀರು ಹಾಕಿ ಕಾರು ಓಡಿಸಿತು. ಟೀವಿಯಲ್ಲಿ ಪ್ರಪಂಚವೆಲ್ಲ ನೋಡಿತು. ಇದು ಹೇಗೆ ಅಂತ ಕೇಳಿದಾಗ, ಲೋಹದ ಹೈಡ್ರೈಡ್ ನೀರಿನ ಜೊತೆ ಸೇರಿ ಜಲಜನಕ ಕೊಡುವ ಕ್ರಿಯೆಯಂಥದ್ದೇ ಅಂತ ಅವರೇ ಹೇಳಿದರು. ಮರುವರ್ಷ ಬಾಗಿಲು ಹಾಕಿದರು. ಹೆಡ್‌ಲೈನಿನಲ್ಲಿ ನೀರು ಇತ್ತು, ಲೋಹ ಇರಲಿಲ್ಲ.

ಇದು ದೂರದ ಕತೆ. ನಮ್ಮ ಬೀದಿಯಲ್ಲಿ ಆಟೋ ಓಡಿಸುವವರೊಬ್ಬರು ಇಂಥದ್ದೇ ಮಾತು ನಂಬಿ, 'ನೀರಿನ ಕಿಟ್' ಒಂದನ್ನ ಆಟೋಗೆ ಹಾಕಿಸಿಕೊಂಡರು. ಎರಡು ತಿಂಗಳ ದುಡಿಮೆ ಹೋಯ್ತು. ಮೈಲೇಜು ಇದ್ದಲ್ಲೇ ಇತ್ತು. ಮಾರಿದವನ ಫೋನು ಸ್ವಿಚ್ ಆಫ್. ಆ ಕಿಟ್ಟಿನಲ್ಲಿ ಉರಿಯುವ ಲೋಹವೂ ಇರಲಿಲ್ಲ. ಆಟೋದ ಬ್ಯಾಟರಿಯಿಂದಲೇ ನೀರು ಒಡೆಯುವ ವ್ಯವಸ್ಥೆ. ಬ್ಯಾಟರಿ ಚಾರ್ಜ್ ಆಗೋದು ಎಂಜಿನ್ನಿನಿಂದ, ಎಂಜಿನ್ ಓಡೋದು ಟ್ಯಾಂಕಿನ ಇಂಧನದಿಂದ. ತನ್ನ ಬಾಲವನ್ನ ತಾನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಹಾವಿನ ಥರ.

ಅದಕ್ಕೇ, ಯಾರೇ ಆಗಲಿ ನೀರು, ಜಲಜನಕ, ಹೊಸ ಲೋಹ ಅಂತ ಬಂದರೆ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಮುಗಿದುಹೋಗುವ ವಸ್ತು ಯಾವುದು? ಅದನ್ನ ತಯಾರಿಸಲು ಎಷ್ಟು ಯೂನಿಟ್ ಬೇಕು? ಉಳಿಯುವ ಬೂದಿಯನ್ನ ಯಾರು, ಎಲ್ಲಿಗೆ, ಯಾರ ಖರ್ಚಿನಲ್ಲಿ ತಗೊಂಡು ಹೋಗ್ತಾರೆ? ಕೆಮಿಸ್ಟ್ರಿ ಓದಿರಬೇಕಾಗಿಲ್ಲ. ದಿನಸಿ ಅಂಗಡಿಯ ಚೀಟಿ ಲೆಕ್ಕ ಹಾಕಲು ಬಂದರೆ ಸಾಕು.

ಈ ಲೆಕ್ಕ ಈಗ ಹಿಂದೆಂದಿಗಿಂತ ಮುಖ್ಯ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಜಲಜನಕ ಮಿಷನ್ನಿಗೆ 19,744 ಕೋಟಿ ರೂಪಾಯಿ ಮಂಜೂರು ಮಾಡಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕದ ಗುರಿ. ಅದು ನಮ್ಮ ನಿಮ್ಮ ತೆರಿಗೆ ದುಡ್ಡು. ಇಂಥ ದುಡ್ಡು ಇರುವ ಕಡೆ ಬನಾರಸ್ಸಿನ ಮೇಷ್ಟ್ರಂಥವರೂ ಬರುತ್ತಾರೆ, ಬಾಟಲಿ ನೀರು ಹಿಡಿದವರೂ ಬರುತ್ತಾರೆ. ಇಬ್ಬರನ್ನೂ ಬೇರೆ ಮಾಡಿ ನೋಡುವ ಕೆಲಸವನ್ನ ಬರೀ ತಜ್ಞರಿಗೆ ಬಿಟ್ಟು ಕೂರೋಕಾಗಲ್ಲ, ಕನ್ನಡದಲ್ಲಿ ಬರೆಯುವ, ಓದುವ ನಮ್ಮ ಮೇಲೂ ಅದು ಸ್ವಲ್ಪ ಇದೆ.

ನಿಮಗೇನನ್ನಿಸುತ್ತೆ? ಲೋಹ, ಬ್ಯಾಟರಿ, ಎಂಜಿನ್ನುಗಳ ಜೊತೆ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ ನಿಮ್ಮ ಅನುಭವ ಬರೆಯಿರಿ. ಲೆಕ್ಕ ಹಾಕಿ ಜಗಳ ಆಡುವವರಿಗೆ ಇನ್ನೂ ವಿಶೇಷ ಸ್ವಾಗತ!